ಬ್ಯಾಟರಿಯ ತೇಗು

ಬ್ಯಾಡಗಿಯ ಸ್ಟೇಷನ್ ರಸ್ತೆಯಲ್ಲಿ ಬ್ಯಾಟರಿ ಚಾರ್ಜ್ ಮಾಡುತ್ತಿದ್ದ ಮಿಸ್ತ್ರಿಯ ಪೈಜಾಮದಲ್ಲಿ ಬಟ್ಟೆಗಿಂತ ಆ್ಯಸಿಡ್ ಸುಟ್ಟ ತೂತುಗಳೇ ಹೆಚ್ಚಿದ್ದವು. ಮೆಣಸಿನಕಾಯಿ ಲಾರಿಯವರು "ಲಗೂ ಕೊಡ್ರಿ ಚಾಚಾ" ಎಂದು ಎಷ್ಟು ಕೂಗಾಡಿದರೂ ಅವರ ಉತ್ತರ ಒಂದೇ: "ಅದು ಉಣ್ಣಾಕತ್ತೈತ್ರಿ. ಎಬ್ಬಿಸಬ್ಯಾಡ್ರಿ."

ಚಾರ್ಜ್ ತುಂಬಿದ ಬ್ಯಾಟರಿಯೊಳಗೆ ಗುಳ್ಳೆಗಳು ಏಳುತ್ತವೆ. ಮಿಸ್ತ್ರಿ ಅದನ್ನು ತೇಗು ಎನ್ನುತ್ತಿದ್ದರು. ಬ್ಯಾಟರಿಯ ಆರೂ ಬಾಯಿಗೆ ಕಿವಿಯೊಡ್ಡಿ, ಎಲ್ಲವೂ ತೇಗಿದ ಕೂಡಲೇ ವೈರು ಬಿಚ್ಚುವರು. ಆಮೇಲೆ ಒಂದು ನಿಮಿಷವೂ ಬಿಡರು. "ಹೆಚ್ಚಿಗಿ ಉಣಿಸಿದ್ರ ಹೊಟ್ಟಿ ಕೆಡತೈತಿ."

ಅವರ ಒಬ್ಬಳೇ ಮಗಳ ಮದುವೆಯಾದ ದಿನ, ಅವಳನ್ನು ರಾಣೆಬೆನ್ನೂರಿಗೆ ಕರೆದೊಯ್ಯಬೇಕಿದ್ದ ಬೀಗರ ಜೀಪು ಚಾಲೂ ಆಗಲಿಲ್ಲ. ಅದರ ಬ್ಯಾಟರಿ ಬಿಚ್ಚಿ ಅಂಗಡಿಗೆ ತಂದರು. ಮಿಸ್ತ್ರಿ ಹೊಸ ಶೇರವಾನಿಯಲ್ಲೇ ವೈರು ಹಚ್ಚಿ ಕುಳಿತರು. ಮನೆಯಲ್ಲಿ ಮಗಳನ್ನು ಕಳಿಸುವ ದುಃಖಕ್ಕೆ ಅಳುತ್ತಿದ್ದ ಹೆಂಗಸರು ಅತ್ತು ಸಾಕಾಗಿ ಚಹಾಕ್ಕೆ ಕುಳಿತರು. ಬೀಗರು ಐದನೆಯ ಸಲ ಅಂಗಡಿಗೆ ಬಂದರು.

"ಆತೇನ್ರಿ, ಬೀಗರ?"

ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ನಾನು ಪಕ್ಕದಲ್ಲೇ ನಿಂತಿದ್ದೆ. ಆರೂ ಬಾಯಿ ಅನ್ನದ ಗಡಿಗೆಯಂತೆ ಕುದಿಯುತ್ತಿದ್ದವು. ಮಿಸ್ತ್ರಿ ಬಗ್ಗಿ, ಬಹಳ ಹೊತ್ತು ಕಿವಿಗೊಟ್ಟು ಕೇಳಿದರು.

"ಇನ್ನೂ ಉಣ್ಣಾಕತ್ತೈತ್ರಿ," ಎಂದರು.