ಅಕ್ಕಿ ಗಿರಣಿಯಲ್ಲಿ ಲಿನಕ್ಸ್

ಭಾಗ್ಯನಗರದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಕಾರಟಗಿಯ ಅಕ್ಕಿ ಗಿರಣಿಯೊಂದರ ಸಾಹುಕಾರರು ಫೋನಿನ ವ್ಯವಸ್ಥೆ ಮಾಡಿಕೊಡಲು ಕರೆಸಿದ್ದರು. ಆಫೀಸಿನ ಮೂಲೆಯಲ್ಲಿ ದೂಳು ಹಿಡಿದಿದ್ದ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿ, ಅದರಲ್ಲೇ ಫೋನ್ ಎಕ್ಸ್‌ಚೇಂಜ್ ಕೂರಿಸಿದೆ. ಬಂದ ಕರೆ ಆಫೀಸಿಗೆ, ಗೋದಾಮಿಗೆ, ಗಂಗಾವತಿಯ ಅಂಗಡಿಗೆ ತಾನೇ ಹಂಚಿಹೋಗುತ್ತಿತ್ತು. ಈ ಸಾಫ್ಟ್‌ವೇರನ್ನು ಯಾರು ಬೇಕಾದರೂ ಪುಕ್ಕಟೆ ಬಳಸಬಹುದು ಎಂದು ಬಾಯಿಬಿಟ್ಟದ್ದೇ ನನ್ನ ತಪ್ಪು.

"ಪುಕ್ಕಟೆ ಅಂದ್ರ ಯಾರಿಗೂ ಬ್ಯಾಡಾದದ್ದು ಇರಬೇಕಲ್ರೀ," ಎಂದರು ಸಾಹುಕಾರರು.

ಅವರ ಅಳಿಯ ಆಫೀಸಿನ ಮ್ಯಾನೇಜರ್. ಮೂರು ತಿಂಗಳ ಕಂಪ್ಯೂಟರ್ ಕೋರ್ಸಿನ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಫೋಟೋದ ಪಕ್ಕದಲ್ಲಿ ತೂಗುಹಾಕಿದ್ದ. ಕಪ್ಪು ಪರದೆಯ ಮೇಲಿನ ಬಿಳಿ ಅಕ್ಷರಗಳನ್ನು ನೋಡಿ, "ಮೌಸೇ ಇಲ್ಲ, ಇದೆಂಥಾ ಕಂಪ್ಯೂಟರ್ರೀ?" ಎಂದು ನಕ್ಕ. ಇಂಥವನಿಗೆ ವಿವರಿಸಲು ಹೋಗುವುದೇ ಅವಮಾನ ಎಂದುಕೊಂಡು ನನ್ನ ಕೆಲಸ ಮುಂದುವರಿಸಿದೆ.

ಫೋನ್ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು ಮಾತ್ರ ಒಂದೊಂದನ್ನೂ ಕೇಳಿ ಬರೆದಿಟ್ಟುಕೊಂಡರು. ನನಗಿಂತ ಹಿರಿಯರು, ನಾನು ಅಕ್ಕಾರ ಎನ್ನುತ್ತಿದ್ದೆ. ತಮ್ಮ ಮನೆಯ ಹಳೇ ಲ್ಯಾಪ್‌ಟಾಪಿಗೂ ಲಿನಕ್ಸ್ ಹಾಕಿಸಿಕೊಂಡು, "ಇದರಾಗ ಗೇಮ್ ಆಡಾಕ ಬರತೈತೇನ್ರಿ?" ಎಂದು ಕೇಳಿದರು.

"ಇದು ಕೆಲಸಗಾರರ ಸಿಸ್ಟಮ್ರೀ ಅಕ್ಕಾರ. ಆಟಗೀಟ ನಡಿಯಂಗಿಲ್ಲ," ಎಂದು ಬಿಗುಮಾನದಿಂದ ಹೇಳಿದೆ.

ಭತ್ತದ ಸುಗ್ಗಿ ಜೋರಾಗಿದ್ದಾಗ ಒಂದು ಬೆಳಿಗ್ಗೆ ಸಾಹುಕಾರರು ಮೊಬೈಲಿನಿಂದ ಕರೆ ಮಾಡಿದರು. "ನಿಮ್ಮ ಪುಕ್ಕಟೆ ಮಾಲು ಕೈಕೊಟ್ಟೈತಿ. ಒಂದ್ ಫೋನೂ ಹತ್ತವಲ್ದು. ಬಂದು ಹೊತ್ಕೊಂಡು ಹೋಗ್ರಿ."

ನನ್ನ ಕೆಲಸದಲ್ಲೇ ಏನೋ ಎಡವಟ್ಟಾಗಿದೆಯೆಂದು ಹೆದರುತ್ತಲೇ ಬೈಕಿನಲ್ಲಿ ಹೋದೆ. ಹೋಗಿ ನೋಡಿದರೆ ಪರದೆಯ ಮೇಲೆ ರೇಸ್ ಆಟದ ಕೆಂಪು ಕಾರೊಂದು ತಿರುವಿನಲ್ಲಿ ನಿಂತಿತ್ತು. ಪಕ್ಕದಲ್ಲಿ ಹೊಸ ಮೌಸು.

"ಇದರಾಗಿದ್ದದ್ದು ಎಲ್ಲಿ ಹೋತ್ರಿ?" ಎಂದೆ.

"ಏನೂ ಕೆಲಸ ಮಾಡ್ತಿರಲಿಲ್ಲ, ಸುಮ್ನ ಕುಂತಿತ್ತು. ಅಳಿಸಿ ಬ್ಯಾರೇದು ಹಾಕೀನಿ," ಎಂದ ಅಳಿಯ. ಹಾಕಿದ್ದು ದುಡ್ಡು ಕೊಟ್ಟು ಕೊಳ್ಳಬೇಕಾದ ಸಿಸ್ಟಮ್ಮಿನ ಕದ್ದ ಪ್ರತಿ. ದಿನಕ್ಕೆ ನೂರಾರು ಕರೆ ಸಾಗಿಸುತ್ತಿದ್ದ ಯಂತ್ರ ಅವನ ಕಣ್ಣಿಗೆ ಸೋಮಾರಿಯಾಗಿ ಕಂಡಿತ್ತು!

ಅಕ್ಕಾರು ಎದ್ದು ನಿಂತರು. "ನಿನ್ನಿ ಸಂಜೀಕೇ ಬ್ಯಾಡ್ರಿ ಅಂತ ಹೇಳಿದ್ದೆ, ಸಾಹುಕಾರ್ರ. ಆ ಗೇಮಿನ ಸಲುವಾಗಿ ಅಳಿಸಬೇಕಾಗಿದ್ದಿಲ್ಲ. ಲಿನಕ್ಸಿನ್ಯಾಗೂ ಅದು ಛಲೋ ನಡಿತೈತ್ರಿ. ಮನ್ಯಾಗ ನಾನೂ ನನ್ನ ಮಗಳೂ ದಿನಾ ಆಡತೀವಿ."

ಅಳಿಯನ ಮುಖ ನೋಡಿ ನಗು ಬಂತು. ಮರುಕ್ಷಣವೇ ನನ್ನ ಮುಖವೂ ಬಿಸಿಯಾಯಿತು. ಆಟ ನಡೆಯುವುದಿಲ್ಲ ಎಂದು ಎಷ್ಟು ಗಿರಾಕಿಗಳಿಗೆ ಹೇಳಿದ್ದೆನೋ! ಒಮ್ಮೆಯೂ ಹಾಕಿ ನೋಡಿರಲಿಲ್ಲ.

ಪೆನ್‌ಡ್ರೈವಿನಲ್ಲಿ ಎಕ್ಸ್‌ಚೇಂಜಿನ ಹಳೆಯ ಪ್ರತಿ ಇತ್ತು, ಅದನ್ನೇ ಮತ್ತೆ ಹಾಕಿದೆ. ಅದಾದ ಮೇಲೆ ಬದಲಾಗಿದ್ದ ನಂಬರುಗಳನ್ನು ಅಕ್ಕಾರು ತಮ್ಮ ಬರಹ ನೋಡಿ ಹೇಳುತ್ತ ಹೋದರು. ಮಧ್ಯಾಹ್ನದೊಳಗೆ ಫೋನುಗಳು ರಿಂಗಾದವು. ಸಾಹುಕಾರರು ಅಳಿಯನನ್ನು ಗದರಲಿಲ್ಲ. "ಇಂಥದ್ದೆಲ್ಲಾ ಅಳಿಸಿ ಹೋಗದಂಗ ಇರಬೇಕ್ರಿ," ಎಂದು ನನಗೇ ಬುದ್ಧಿ ಹೇಳಿದರು. ಹದಿನೈದು ದಿನದಲ್ಲಿ ಹುಬ್ಬಳ್ಳಿಯಿಂದ ಹಸಿರು ದೀಪ ಮಿನುಗುವ ಸಿದ್ಧ ಫೋನ್ ಎಕ್ಸ್‌ಚೇಂಜ್ ಪೆಟ್ಟಿಗೆಯೊಂದನ್ನು ದುಡ್ಡು ಕೊಟ್ಟು ತರಿಸಿ, ನನ್ನ ಯಂತ್ರವನ್ನು ಗೋದಾಮಿಗೆ ಹಾಕಿಸಿದರು.

ಆ ವಾರವೇ ಅಕ್ಕಾರ ಕರೆ ಬಂತು. ನಗು ತಡೆಯಲಾಗುತ್ತಿರಲಿಲ್ಲ ಅವರಿಗೆ. "ಹೊಸಾ ಪೆಟ್ಟಿಗೀ ಜೋಡಿ ಪುಸ್ತಕ ಕೊಟ್ಟಾರ್ರಿ. ಕಡೀ ಪುಟದಾಗ ಸಣ್ಣ ಅಕ್ಷರದಾಗ ಬರದಾರ, ಒಳಗ ಇರೂದು ಲಿನಕ್ಸಂತ!"

"ಸಾಹುಕಾರ್ರಿಗೆ ಹೇಳಿದ್ರೇನು?"

"ಅವರೆಲ್ಲಿ ಓದ್ತಾರ್ರಿ? ಆ ಹಸಿರು ದೀಪಕ್ಕ ದಿನಾ ಕೈಮುಗಿತಾರ."

ಮುಂದಿನ ಭಾನುವಾರ ಅವರ ಮನೆಗೆ ಹೋದೆ. ಆಟ ಹಾಕುವುದು ಹೇಗೆಂದು ತಾಯಿ ತೋರಿಸಿದರು. ಮಗಳು ಮೂರು ಸಲ ನನ್ನನ್ನು ಸೋಲಿಸಿದಳು.