ದಳವಾಯಿ ಗೋಡೆಗೆ ಬರಲಿಲ್ಲ

ಮೂರು ಪೆಟ್ಟು. ನಾನು ಹೇಳಿದ ಕಥೆಯಲ್ಲಿ ಮೂರು. ಧಾರಾವಾಹಿಯಲ್ಲಿ ಒಂದೂ ಇಲ್ಲ. ಕಾದಂಬರಿಯಲ್ಲಿ ಎಷ್ಟೆಂದು ಅದನ್ನು ಬರೆದವರಿಗೂ ಗೊತ್ತಿರಲಿಕ್ಕಿಲ್ಲ. ನಮ್ಮೂರಿನಲ್ಲಿ ಟ್ರ್ಯಾಕ್ಟರ್ ಓಡಿಸುವ ಒಬ್ಬನ ತಲೆಯ ಮೇಲೆ ಬಿದ್ದದ್ದು ಎರಡು. ಎರಡನೆಯದು ಕಿವಿಗೆ ತಗಲಿತು.

ಹೀಗೆ ಶುರುಮಾಡಿದರೆ ಒಂದರಿಂದ ಇನ್ನೊಂದು ಹುಟ್ಟಿತು ಎಂದು ಓದುವವರು ತಿಳಿಯುತ್ತಾರೆ. ಬಹಳ ದಿನ ನಾನೂ ಹಾಗೆಯೇ ತಿಳಿದಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ.

ಆ ಚಳಿಗಾಲ ನಾನು ಕಾಲು ಮುರಿದುಕೊಂಡು ಕುಂದಗೋಳ ಕಡೆಯ ನಮ್ಮ ಹಳ್ಳಿಯಲ್ಲಿ, ಅವ್ವನ ಮನೆಯಲ್ಲಿ ಬಿದ್ದಿದ್ದೆ. ಹುಬ್ಬಳ್ಳಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು ನಾನು. ಕಾಲಿಗೆ ಪ್ಲಾಸ್ಟರು, ಕೈಯಲ್ಲಿ ಇಟ್ಟಿಗೆಯಂಥ ನಾಲ್ಕು ಕಾದಂಬರಿಗಳು. ಅಂಗಳದ ತುಂಬ ಒಣಮೆಣಸಿನಕಾಯಿ ರಾಶಿ. ಬ್ಯಾಡಗಿ ಪೇಟೆಗೆ ಹೋಗುವ ಮೊದಲು ಒಂದೊಂದರ ತೊಟ್ಟು ಮುರಿಯಬೇಕು. ಎಂಟು ಹತ್ತು ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಬೆಳಗಿನಿಂದ ಸಂಜೆಯವರೆಗೆ ಕೂತು ಮುರಿಯುತ್ತಿದ್ದರು. ಉಗುರಿನ ಸಂದಿಯ ಉರಿ ತೊಳೆದರೆ ಹೋಗುವುದಿಲ್ಲ. ಮನೆಗೆ ಹೋಗಿ ಕೂಸಿನ ಕೆನ್ನೆ ಮುಟ್ಟುವ ಹಾಗಿಲ್ಲ. ನನ್ನನ್ನೂ ಕುರ್ಚಿ ಹಾಕಿ ಅಲ್ಲಿಯೇ ಕೂರಿಸುತ್ತಿದ್ದರು. ಸುಮ್ಮನೆ ಕೂರಲಾರದೆ ಆ ಕಾದಂಬರಿಗಳ ಕಥೆ ಹೇಳತೊಡಗಿದೆ.

ಉಪ್ಪಿನ ಗೋಡೆಯ ಕೋಟೆ. ಗೋಡೆಯ ಮೇಲೆ ಎಮ್ಮೆ ಗಾತ್ರದ ಹದ್ದುಗಳು. ಹದ್ದಿನ ಮೇಲೆ ಕೂತು ಯುದ್ಧ ಮಾಡುವ ದಳವಾಯಿ. ಆ ಹದ್ದುಗಳಿಗೆ ಮಾಂಸ ಕೊಚ್ಚಿ ಹಾಕುವವಳು ಅವನ ಹೆಂಡತಿ.

"ಎಮ್ಮಿಯಷ್ಟ ಹದ್ದು ಅಂದ್ರ ಹಿಕ್ಕಿ ಎಷ್ಟ ಹಾಕ್ತಾವೋ," ಅಂದಳು ಕೆಲಸದವರಲ್ಲೆಲ್ಲ ಹಿರಿಯಳಾದ ಆಯಿ. "ಗೋಡಿ ಬಳಿಯಾಕೀದ ಕಥಿ ಹೇಳ್ರಿ ಅಕ್ಕಾರ. ರಾಜಂದು ಯಾರಿಗೆ ಬೇಕಾಗೇತಿ."

ತಮಾಷೆಯಲ್ಲ, ಕಾದಂಬರಿಯಲ್ಲಿ ಆ ನಾತದ ಬಗ್ಗೆ ಎರಡು ಪುಟ ಇತ್ತು.

ನಮ್ಮ ಕಡೆ ಕಥೆ ಹೇಳುವವರಿಗೆ ಎದುರಿಗೆ ಕೂತು 'ಹೂಂ' ಅನ್ನುವವರು ಒಬ್ಬರು ಬೇಕು. ಹೂಂ ನಿಂತರೆ ಕಥೆ ನಿಲ್ಲಬೇಕು. ಆ ಕೆಲಸ ತಾನಾಗಿಯೇ ಒಬ್ಬಳ ಪಾಲಿಗೆ ಬಂತು. ತಿರ್ಲಾಪುರದಿಂದ ನಮ್ಮೂರಿಗೆ ಕೊಟ್ಟವಳು, ಟ್ರ್ಯಾಕ್ಟರ್ ಓಡಿಸುವವನ ಹೆಂಡತಿ. ಮಾತು ಕಡಿಮೆ. ರಾಜ, ರಾಣಿ, ಮಂತ್ರಿಯ ಸುದ್ದಿ ಬಂದರೆ ಅವಳ ಹೂಂ ಸಪ್ಪೆ. ದಳವಾಯಿಯ ಹೆಂಡತಿ ಬಂದರೆ ಒಂದು ಗೇಣು ಹತ್ತಿರ ಬರುತ್ತಿತ್ತು. ಹತ್ತಿರ ಬಂದ ಕಡೆಗೆ ಕಥೆಯೂ ಬಾಗುತ್ತದೆ. ಕಾದಂಬರಿಯಲ್ಲಿ ಆ ಹೆಂಗಸು ಎಲ್ಲ ಸೇರಿ ಹತ್ತು ಪುಟದಲ್ಲಿ ಇರಬಹುದು. ನಮ್ಮ ಅಂಗಳದಲ್ಲಿ ಅವಳದೇ ಕಥೆಯಾಗಿತ್ತು.

ಇನ್ನೊಂದು ಮಾತು ಇಲ್ಲಿಯೇ ಹೇಳಬೇಕು. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಪುಸ್ತಕ ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಯಾವುದು ಪುಸ್ತಕದ್ದು, ಯಾವುದು ಅರ್ಥ ಹೇಳುವವರದು ಎಂದು ಯಾರೂ ಬೇರೆ ಮಾಡುವುದಿಲ್ಲ. ಎರಡೂ ಸೇರಿಯೇ ಪುರಾಣ. ನಾನು ತೊಡೆಯ ಮೇಲೆ ಪುಸ್ತಕ ಮುಚ್ಚಿ, ಹೆಬ್ಬೆರಳನ್ನು ಪುಟಗಳ ನಡುವೆ ಇಟ್ಟುಕೊಂಡು ಹೇಳುತ್ತಿದ್ದೆ. ಆ ಹೆಬ್ಬೆರಳಿನಿಂದಾಗಿ ನನ್ನ ಪ್ರತಿ ಮಾತೂ ಪುಸ್ತಕದ್ದಾಯಿತು. ಅದು ನನಗೆ ಗೊತ್ತಿತ್ತು. ಬೆರಳು ತೆಗೆಯಲಿಲ್ಲ.

ಆಗಲೇ ಧಾರಾವಾಹಿ ಬಂತು. ಅದೇ ಕಾದಂಬರಿಗಳದು, ಕನ್ನಡಕ್ಕೆ ಡಬ್ ಆಗಿ, ಮೊಬೈಲಿನಲ್ಲಿ. ಊಟದ ಹೊತ್ತಿಗೆ ಒಂದು ಮೊಬೈಲನ್ನು ನೀರಿನ ಕೊಡಕ್ಕೆ ಆನಿಸಿಟ್ಟು ಎಲ್ಲರೂ ನೋಡುತ್ತಿದ್ದರು. ನನ್ನ ಮೇಲೆ ತಕರಾರು ಶುರುವಾಯಿತು.

"ರಾಜಾ ಗಿಡ್ಡ ಅದಾನ, ಹಲ್ಲನೋವು ಅಂದಿದ್ರಿ. ಇಲ್ಲಿ ನೋಡ್ರಿ, ಕಂಬ ಇದ್ದಂಗ ಅದಾನ."

"ಹಲ್ಲೂ ಅಗದಿ ಬೆಳ್ಳಗದಾವ," ಅಂದಳು ಆಯಿ. "ಅಕ್ಕಾರ ತಮ್ಮ ಹಲ್ಲನೋವು ಅವಗ ಹಚ್ಚ್ಯಾರ."

ಧಾರಾವಾಹಿಯ ಗೋಡೆಯ ಮೇಲೆ ಹಿಕ್ಕೆ ಇರಲಿಲ್ಲ. ಹದ್ದುಗಳು ಹೊಸ ಹಿತ್ತಾಳೆ ಪಾತ್ರೆಯ ಹಾಗೆ ಹೊಳೆಯುತ್ತಿದ್ದವು. ಕಾದಂಬರಿಯ ಯುದ್ಧ ಎಂದರೆ ಬಹುಪಾಲು ಹಸಿವು, ಕಾಯುವುದು, ಒಣಗಿ ಕಪ್ಪಾದ ರಕ್ತ. ಧಾರಾವಾಹಿಯಲ್ಲಿ ರಕ್ತ ಒಣಗುವುದೇ ಇಲ್ಲ. ಪ್ರತಿ ಹತ್ತು ನಿಮಿಷಕ್ಕೆ ಒಂದು ಕೊರಳು, ಒಂದು ಹೊಟ್ಟೆ. ರೊಟ್ಟಿ ಮುರಿಯುತ್ತ ಎಲ್ಲರೂ ನೋಡುತ್ತಿದ್ದರು. ನಾನೂ ನೋಡಿದೆ. ಆದರೆ ಇಷ್ಟೆಲ್ಲ ಕಡಿದ ಆ ಧಾರಾವಾಹಿಗೆ ದಳವಾಯಿ ಮನೆಯೊಳಗೆ ಹೆಂಡತಿಗೆ ಹೊಡೆಯುವುದನ್ನು ತೋರಿಸಲು ಆಗಲಿಲ್ಲ. ಕಾದಂಬರಿಯಲ್ಲಿ ಅದಿತ್ತು. ಅವಳ ಒಡೆದ ತುಟಿ, ಮಡಚಲಾಗದ ಬೆರಳು, ಅದೇ ಬೆರಳಿನಿಂದ ಮಾಂಸ ಕೊಚ್ಚುವುದು. ಧಾರಾವಾಹಿಯಲ್ಲಿ ಅವನು ಯುದ್ಧದಿಂದ ಬಂದು ಅವಳ ಮಡಿಲಲ್ಲಿ ತಲೆಯಿಟ್ಟು ಅಳುತ್ತಾನೆ. ಅವಳು ಅವನ ಕಾಲು ತೊಳೆಯುತ್ತಾಳೆ. ಹಿಂದೆ ಪಿಟೀಲು.

ಆ ಭಾಗ ನೋಡುತ್ತಿರುವಾಗಲೇ ಟ್ರ್ಯಾಕ್ಟರಿನವನು ಅಂಗಳಕ್ಕೆ ಬಂದ. ನಡು ಮಧ್ಯಾಹ್ನ. ಊಟಕ್ಕೆ ಹೋದರೆ ಮನೆಗೆ ಕೀಲಿ. ಕೀಲಿಕೈ ಹೆಂಡತಿಯ ಸೆರಗಿನಲ್ಲಿ, ಅವಳ ಕಣ್ಣು ಮೊಬೈಲಿನಲ್ಲಿ.

"ಕೀಲಿ ಎಲ್ಲೈತಿ ಬೇ," ಅಂದ. ಅವಳು ಸೆರಗಿನ ಗಂಟಿಗೆ ಕೈಹಾಕುವಷ್ಟರಲ್ಲಿ ಅವಳ ತುರುಬು ಅವನ ಮುಷ್ಟಿಯಲ್ಲಿತ್ತು. ಎಳೆದು ಮೆಣಸಿನಕಾಯಿ ರಾಶಿಯಲ್ಲಿ ಮುಖ ಅದುಮಿದ. ಮೊಣಕಾಲು ಬೆನ್ನ ಮೇಲೆ ಊರಿದ. ಒಣಕಾಯಿ ಪುಡಿಯಾಗುವ ಸದ್ದು, ಅವಳ ಕಾಲು ನೆಲ ಒದೆಯುವ ಸದ್ದು. ಘಾಟು ಎದ್ದು ಇಡೀ ಅಂಗಳ ಸೀನತೊಡಗಿತು. ಹತ್ತು ಹೆಂಗಸರು ಸೀನುತ್ತಿದ್ದೆವು, ಒಬ್ಬಳೂ ಏಳಲಿಲ್ಲ. ಮೊಬೈಲಿನಲ್ಲಿ ದಳವಾಯಿ ಇನ್ನೂ ಅಳುತ್ತಿದ್ದ.

ಆಗ ಅವ್ವ ಅಂದಳು: "ಹೊರಗ ಒಯ್ದು ಬಡೀಪಾ. ರಾಶಿ ತುಳೀಬ್ಯಾಡ."

ಕೊನೆಗೆ ಅವನಿಗೂ ಸೀನು ಬಂತು. ಮೂರು ನಾಲ್ಕು ಸಲ ಸೀನಿ, ಕೈ ಬಿಟ್ಟು, ಕೀಲಿ ಕಿತ್ತುಕೊಂಡು ಹೋದ. ಅವಳನ್ನು ಎತ್ತಿ ಕಣ್ಣಿಗೆ ಮಜ್ಜಿಗೆ ಸುರಿದವಳು ಆಯಿ.

ಮರುದಿನ ಅವಳು ಕೆಲಸಕ್ಕೆ ಬಂದಳು. ಕಣ್ಣು ಬಾತು ಬರಿ ಗೆರೆಯಾಗಿದ್ದವು. ಕೈ ಮಾತ್ರ ತಪ್ಪದೆ ತೊಟ್ಟು ಮುರಿಯುತ್ತಿತ್ತು. "ಹೇಳ್ರಿ ಅಕ್ಕಾರ," ಅಂದಳು.

ಪುಸ್ತಕ ಮುಚ್ಚಿ ಬೆರಳಿಟ್ಟುಕೊಂಡು ಶುರುಮಾಡಿದೆ. ದಳವಾಯಿ ಗೋಡೆಯಿಂದ ಇಳಿದು ಬಂದ. ಹೂಂ. ಬಾಗಿಲು ತೆಗೆಯಲು ತಡವಾಯಿತೆಂದು ಹೆಂಡತಿಯನ್ನು ಬಡಿದ. ಹೂಂ. ಉಂಡು ಮಲಗಿದ. ಹೂಂ. ಈ ಹೂಂ ಎಷ್ಟು ಹತ್ತಿರ ಬಂದಿತ್ತೆಂದರೆ ಅದರ ಉಸಿರು ನನ್ನ ಮೊಣಕೈಗೆ ತಾಗುತ್ತಿತ್ತು. ಅವಳು ಮಾಂಸ ಜಜ್ಜುವ ಕಲ್ಲು ತಂದಳು, ಅಂದೆ. ಹೂಂ. ಎತ್ತಿ ಅವನ ಹಣೆಗೆ ಹಾಕಿದಳು. ಹೂಂ. ಮತ್ತೊಮ್ಮೆ. ಹೂಂ. ಮತ್ತೊಮ್ಮೆ. ತಲೆಯೊಳಗಿನದು ಗೋಡೆಯ ಉಪ್ಪಿಗೆ ಸಿಡಿಯಿತು, ಉಪ್ಪು ಅದನ್ನು ಹೀರಿತು, ಬೆಳಗಿನಷ್ಟಕ್ಕೆ ಗೋಡೆ ಬೆಳ್ಳಗಿತ್ತು. ಈ ಉಪ್ಪಿನ ಮಾತು ನನಗೆ ಬಹಳ ಸೇರಿತು. ಎರಡು ಸಲ ಹೇಳಿದೆ.

ಎರಡು ದಿನ ಬಿಟ್ಟು ಮಧ್ಯಾಹ್ನ, ಗಂಡ ಉಂಡು ಮಲಗಿದ್ದಾಗ, ಅವಳು ಒರಳಿನ ಗುಂಡುಕಲ್ಲು ಎತ್ತಿ ಅವನ ತಲೆಗೆ ಹಾಕಿದಳು. ಒಂದನೆಯದಕ್ಕೆ ಅವನು ಎದ್ದು ಕೂತನಂತೆ. ಎರಡನೆಯದಕ್ಕೆ ಬಿದ್ದ. ಓಣಿಯವರು ಬಂದು ಅವಳ ಕೈ ಹಿಡಿದುಕೊಂಡರು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಸಾಯಲಿಲ್ಲ. ಎಡಗಿವಿ ಹೋಯಿತು.

ಮಠದ ಕಟ್ಟೆಯ ಮೇಲೆ ಹಿರಿಯರು ಕೂತರು. ಗಂಡನ ಅಣ್ಣ ಎದ್ದು ನಿಂತು ನನ್ನ ಕಡೆಗೆ ಕೈ ತೋರಿಸಿದ. "ಈ ಅಕ್ಕಾರ ತಲಿ ಕೆಡಿಸ್ಯಾರ್ರಿ. ನಾ ಮೊಬೈಲನ್ಯಾಗ ಪೂರಾ ನೋಡೇನಿ. ಅದರಾಗ ಅಕಿ ಹೊಡಿಯೂದಿಲ್ಲ, ಗಂಡನ ಕಾಲ ತೊಳಿತಾಳ. ಇವರು ಹೊಡದ್ಲು ಅಂತ ಹೇಳ್ಯಾರ."

"ಪುಸ್ತಕದಾಗ ಏನೈತ್ರಿ ಅಕ್ಕಾರ? ಮೂಲ ಅದ ಅಲ್ಲೇನು?" ಅಂದರು ಒಬ್ಬ ಹಿರಿಯರು.

ಪುಸ್ತಕ ತರಿಸಿದರು. ನಾನು ಪುಟ ತೆಗೆದೆ. ಓದಿ, ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಅಲ್ಲಿದ್ದದ್ದು ಇಷ್ಟೇ: ದಳವಾಯಿ ಹೆಂಡತಿಯನ್ನು ಬಡಿದು ಮಲಗಿದ. ಮರುದಿನ ದಳವಾಯಿ ಗೋಡೆಗೆ ಬರಲಿಲ್ಲ. ಅವನ ಹೆಂಡತಿ ಹದ್ದುಗಳಿಗೆ ಮಾಂಸ ಹಾಕಿದಳು.

"ಮುಂದ?"

"ಮುಂದ ಬ್ಯಾರೆ ಅಧ್ಯಾಯ ಐತ್ರಿ."

"ಹಂಗಾರ ಏನಾತು ಅವಗ," ಅಂದರು ಹಿರಿಯರು, ನಿಜವಾಗಿ ತಿಳಿಯಬೇಕೆನಿಸಿ. ಒಬ್ಬರು ಜ್ವರ ಬಂದಿರಬೇಕು ಅಂದರು. ಇನ್ನೊಬ್ಬರು ರಾಜ ಬೇರೆ ಊರಿಗೆ ಕಳಿಸಿರಬೇಕು ಅಂದರು.

ಹೆಂಗಸರ ಸಾಲಿನಿಂದ ಆಯಿ ಕೇಳಿದಳು: "ಹದ್ದಿಗೆ ಹಾಕಿದ್ದು ಯಾವ ಮಾಂಸರಿ?"

ಯಾರೋ ಕಿಸಕ್ಕೆಂದು ನಕ್ಕರು. ಸೆರಗಿನ ಹಿಂದೆ ನಗು ಸಾಲುಗಟ್ಟಿ ಹಬ್ಬಿತು. ಗಂಡನ ಅಣ್ಣ ಮಾತ್ರ ನಗಲಿಲ್ಲ. ನಾನು ನಾಲ್ಕು ಸಲ ಓದಿದ ಸಾಲು ಅದು. ಹಾಗೆ ಕೇಳಬಹುದೆಂದು ನನಗೆ ಹೊಳೆದಿರಲೇ ಇಲ್ಲ.

ಆ ಮೂರು ಪೆಟ್ಟು ಪುಸ್ತಕದ್ದಲ್ಲ, ನನ್ನವು ಎಂದೆ. ಹಿರಿಯರಿಗೆ ಹಗುರಾಯಿತು. ದಾರಿ ಸಿಕ್ಕಿತ್ತು. ಹೆಂಗಸರ ಸಾಲಿನಲ್ಲಿ ಕೂತಿದ್ದ ಅವಳ ಕಡೆ ತಿರುಗಿದರು. "ಮತ್ತ ಮುಗೀತು. ಸುಳ್ಳ ಕಥಿ ಕೇಳಿ ತಲಿ ಕೆಟ್ಟಿತ್ತು ಅಂತ ಅನ್ನವ್ವಾ. ಗಂಡನ ಕಾಲ ಮುಟ್ಟು, ಮನಿಗೆ ನಡಿ. ಠಾಣೆತನಕ ಬ್ಯಾಡ."

ಒಪ್ಪಿದರೆ ಆ ಮನೆ, ಆ ಮಂಚ, ಒಂದೇ ಕಿವಿಯ ಆ ಗಂಡ. ಒಪ್ಪದಿದ್ದರೆ ಠಾಣೆ. ಅದಕ್ಕಿಂತ ಬೇರೆ ಏನನ್ನೂ ಅವಳ ಮುಂದೆ ಇಟ್ಟಿರಲಿಲ್ಲ. ಅವಳು ಎದ್ದು ನಿಂತಳು. ಕಣ್ಣ ಸುತ್ತ ಇನ್ನೂ ಸಿಪ್ಪೆ ಏಳುತ್ತಿತ್ತು.

"ಕಥಿ ಕೇಳಿ ಹೊಡೀಲಿಲ್ಲರಿ," ಅಂದಳು. "ಆ ಕಲ್ಲ ಎಂಟ ದಿನದಿಂದ ಮಂಚದ ಬುಡಕ ಇಟ್ಟಿದ್ದೆ. ಅಕ್ಕಾರ ಹೇಳೂಕಿಂತ ಮೊದ್ಲ. ಠಾಣೆಗೆ ಕರಕೊಂಡು ಹೋಗ್ರಿ, ಅಲ್ಲೂ ಹಿಂಗ ಹೇಳ್ತೇನಿ. ರಾಶ್ಯಾಗ ಮಾರಿ ತುರುಕಿದ್ದೂ ಹೇಳ್ತೇನಿ. ನೋಡಿದಾವ್ರು ಹತ್ತ ಮಂದಿ ಅದಾರ."

ಠಾಣೆಯ ಮಾತು ಅಲ್ಲಿಗೇ ನಿಂತಿತು. ಸಂಜೆ ತಿರ್ಲಾಪುರದಿಂದ ಅವಳ ಅಣ್ಣ ಬೈಕ್ ತಂದು ಕರೆದುಕೊಂಡು ಹೋದ.

ಎಂಟು ದಿನ. ಅಂದರೆ ನಾನು ಕಲ್ಲನ್ನು ಅವಳ ಕೈಗೆ ಕೊಡಲಿಲ್ಲ, ಅವಳೇ ತನ್ನ ಹೂಂನಿಂದ ನನ್ನ ಬಾಯಿಗೆ ಕೊಟ್ಟಳು. ಹೀಗೆ ಬರೆದುಕೊಂಡು ನೆಮ್ಮದಿಯಾಗಿದ್ದೆ. ಆಮೇಲೆ ಈ ಬರಹಕ್ಕಾಗಿ ಅವ್ವನನ್ನು ಆ ದಿನದ ಬಗ್ಗೆ ಕೇಳಿದೆ. ಅವ್ವ ರೊಟ್ಟಿ ತಟ್ಟುತ್ತಲೇ ಅಂದಳು: "ನಾ ಎಲ್ಲಿದ್ದೆ ಅವತ್ತ? ಕಲಘಟಗಿಗೆ ಹೋಗಿದ್ದಿಲ್ಲೇನು, ನಿಮ್ಮ ಮಾವನ ಮನಿಗೆ. ಬಂದ ಮ್ಯಾಲ ಆಯಿ ಹೇಳಿದ್ಲು."

ಅವ್ವ ಅಲ್ಲಿರಲಿಲ್ಲ. ಹಾಗಾದರೆ ರಾಶಿ ತುಳಿಯಬೇಡ ಎಂದವರು ಯಾರು? ಕೆಲಸದ ಹೆಂಗಸರು ಆ ಮಾತು ಆಡುವುದಿಲ್ಲ. ರಾಶಿ ಅವರದಲ್ಲ. ಅಂಗಳದಲ್ಲಿ ಮನೆಯವಳೆಂದು ಇದ್ದವಳು ಒಬ್ಬಳೇ, ಕುರ್ಚಿಯಲ್ಲಿ, ಪ್ಲಾಸ್ಟರ್ ಹಾಕಿಕೊಂಡು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು. ನನ್ನ ಬಾಯಿಂದ ಅದು ಬಂದ ನೆನಪು ನನಗಿಲ್ಲ. ಅವ್ವನ ಬಾಯಿಂದ ಬಂದ ನೆನಪು ಸ್ವರದ ಸಮೇತ ಇದೆ. ಧಾರಾವಾಹಿ ಮಾಡಿದವರೂ ದಳವಾಯಿಯ ಕೈಗೆ ಹೀಗೆಯೇ ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಸುಣ್ಣ ಬಳಿದಿರಬೇಕು. ಅವ್ವ ಅಂದಳು ಎಂಬ ಮೇಲಿನ ಆ ಸಾಲನ್ನು ತಿದ್ದದೆ ಹಾಗೆಯೇ ಬಿಟ್ಟಿದ್ದೇನೆ.

ಹತ್ತಿ ಬಿಡಿಸುವ ಕಾಲಕ್ಕೆ ತಿರ್ಲಾಪುರದಿಂದ ಫೋನ್ ಬಂತು. ಅವಳೇ. ಹಿಂದೆ ಹೊಲದಲ್ಲಿ ಹೆಂಗಸರ ಮಾತು ಕೇಳಿಸುತ್ತಿತ್ತು.

"ಅಕ್ಕಾರ, ಮೊಬೈಲನ್ಯಾಗ ಅಕಿನ್ನ ಕೊಂದ್ರು. ಗೋಡಿ ಮೈಮ್ಯಾಲೆ ಬಿತ್ತು. ಸಾಯೂ ಮುಂದ ಗಂಡನ ಹೆಸರ ತಗೊಂಡ್ಲು. ಪುಸ್ತಕದಾಗೂ ಹಂಗ ಐತೇನ್ರಿ?"

ನಾಲ್ಕನೆಯ ಕಾದಂಬರಿಯಲ್ಲಿ ಅವಳ ಸುದ್ದಿಯೇ ಇಲ್ಲ. ಏನು ಬೇಕಾದರೂ ಹೇಳಬಹುದಿತ್ತು.

"ಇಲ್ಲ. ಅಕಿ ಬಗ್ಗೆ ಒಂದಕ್ಷರ ಇಲ್ಲ."

"ಅಂದ್ರ ಸತ್ತಿಲ್ಲ."

"ಸತ್ತಾಳಂತ ಬರದಿಲ್ಲ."

"ಹೂಂ," ಅಂದಳು. ಆ ಹತ್ತಿರದ ಹೂಂ. ಅದಕ್ಕೆ ಸುಮ್ಮನಿರಲು ನನಗೆ ಬರುವುದಿಲ್ಲ.

"ಅವತ್ತ ಹೊರಗ ಒಯ್ದು ಬಡಿ ಅಂದಾಕಿ ನಾನ," ಅಂದೆ. "ನಾನ ಇರಬೇಕು."

"ಇರಬೇಕು ಅಂತ ಯಾಕ ಅಂತೀರಿ," ಅಂದಳು. ದನಿ ಏರಲಿಲ್ಲ. "ನೀವ. ನನ್ನ ಕಣ್ಣಷ್ಟ ಮುಚ್ಚಿದ್ದವು. ಕಿವಿ ತೆರದ ಇದ್ದವಲ್ಲರಿ."

ಇಷ್ಟು ತಿಳಿದೂ ಮಠದ ಕಟ್ಟೆಯ ಮೇಲೆ ನನ್ನ ಹೆಸರು ಎತ್ತದೆ ಬಿಟ್ಟಿದ್ದಳು. ಯಾಕೆಂದು ಕೇಳಲು ಶುರುಮಾಡಿದೆ, ನಡುವೆ ಪ್ಲಾಸ್ಟರಿನ ಸುದ್ದಿ ತಂದೆ, ಏಳಲಾಗುತ್ತಿರಲಿಲ್ಲ ಎಂದೆ, ಕೂಗಬಹುದಿತ್ತು ಎಂದೂ ಅಂದೆ. ಆ ಕಡೆ ಹತ್ತಿ ಬಿಡಿಸುವವರು ಏನಕ್ಕೋ ನಗುತ್ತಿದ್ದರು. ಹೂಂ ಬರಲಿಲ್ಲ. ನಾನು ನಿಲ್ಲಿಸಿದೆ.