ಅಂತೆ ತೆಗೆದು ಹೇಳು

ನಾಗಮಂಗಲದ ಕಚೇರಿಯಲ್ಲಿ ಯಾರಾದರೂ ಫೋನು ನೋಡುತ್ತ "ಹೀಗಂತೆ" ಎಂದರೆ ಸ್ನೇಹಳಿಗೆ ತೀರಿಹೋದ ಅಪ್ಪನ ನೆನಪಾಗುತ್ತದೆ.

ಅಪ್ಪ ಕುಳ್ಳಯ್ಯ ಬಿಂಡಿಗನವಿಲೆಯಲ್ಲಿ ಕುರಿ ಸಾಕಿಕೊಂಡಿದ್ದವನು. ಸಂಜೆ ಕುರಿ ಕೂಡಿಹಾಕಿ ಬಸ್ ಸ್ಟಾಂಡಿನ ಕಟ್ಟೆಗೆ ಬಂದು ಕೂರುತ್ತಿದ್ದ. ಸುದ್ದಿ ಹೊತ್ತು ಬಂದವರಿಗೆಲ್ಲ ಅವನದು ಒಂದೇ ಮಾತು: "ಅಂತೆ ತೆಗ್ದು ಯೋಳ್ಲಾ." ಬಂದಿದ್ದಾರಂತೆ ಎನ್ನುವವನು ಬಂದಿದ್ದಾರೆ ಎನ್ನಬೇಕು. ಅರ್ಧ ಜನ ಅಲ್ಲೇ ನಕ್ಕು ಬೇರೆ ಮಾತಿಗೆ ಹೊರಳುತ್ತಿದ್ದರು. ಕೆಲವರು ಅವನ ಪಕ್ಕ ಕೂರುವುದನ್ನೇ ಬಿಟ್ಟಿದ್ದರು.

ಮಕ್ಕಳ ಕಳ್ಳರ ಸುದ್ದಿ ಊರೂರು ಸುತ್ತುತ್ತಿದ್ದ ಬೇಸಿಗೆ. ಸ್ನೇಹ ಕಾಲೇಜಿನಿಂದ ಬಂದು ಬಸ್ಸಿಳಿದಾಗ ಕಟ್ಟೆಯ ಹತ್ತಿರ ಜನ ಮುತ್ತಿದ್ದರು. ನಡುವೆ ಅಣ್ಣಮ್ಮ, ಉದುರಿದ ಕೂದಲು ತೆಗೆದುಕೊಂಡು ಪಿನ್ನು, ಟೇಪು ಕೊಡುತ್ತ ಊರೂರು ತಿರುಗುವವಳು. ಚಿಕ್ಕಂದಿನಲ್ಲಿ ಸ್ನೇಹ ಬಾಚಣಿಗೆಯ ಕೂದಲನ್ನು ಉಂಡೆ ಸುತ್ತಿ, ಗೋಡೆಯ ಸಂದಿಯಲ್ಲಿಟ್ಟು ಅವಳಿಗಾಗಿ ಕಾಯುತ್ತಿದ್ದಳು. ಈಗ ಅವಳ ಚೀಲವನ್ನು ನೆಲಕ್ಕೆ ಸುರಿದಿದ್ದರು. ಕೆಲಸ ಹೋಗಿ ವರ್ಷದಿಂದ ಮನೆಯಲ್ಲೇ ಕೂತಿದ್ದ ದೇವರಾಜು ಒಂದು ಕೈಯಲ್ಲಿ ಫೋನು ತೋರಿಸಿ ಕೂಗುತ್ತ, ಇನ್ನೊಂದರಲ್ಲಿ ಅವಳ ರಟ್ಟೆ ಹಿಡಿದಿದ್ದ.

"ಮಕ್ಳ ಕಿಡ್ನಿ ಮಾರ್ತಾರಂತೆ. ಪೊಲೀಸ್ರಿಗೂ ಗೊತ್ತಂತೆ, ಪೇಪರ್‌ನೋರಿಗೂ ಗೊತ್ತಂತೆ. ಎಲ್ಲಾ ಸೇರ್ಕಂಡು ಮುಚ್ಚಾಕವ್ರಂತೆ."

"ಬುಡಬ್ಯಾಡ ಅವ್ಳ," ಎಂದು ಹಿಂದಿನಿಂದ ಯಾರೋ ಕೂಗಿದರು.

ಕುಳ್ಳಯ್ಯ ನುಗ್ಗಿ ಬಂದು ಅಣ್ಣಮ್ಮನ ಪಕ್ಕ ನಿಂತ. "ಅಷ್ಟು ಜನ ಸೇರಿ ಮುಚ್ಚಾಕಿದ್ದು ನಿನ್ ಫೋನಿಗೆ ಎಂಗ್ಲಾ ಬಂತು?"

ಒಬ್ಬಿಬ್ಬರು ಕಿಸಕ್ಕೆಂದರು.

"ಯಾರ್ ಮಗು ಕಳ್ದೋಗದೆ? ಅಂತೆ ತೆಗ್ದು ಯೋಳು."

"ಮಗು..." ಎಂದ ದೇವರಾಜು. ಯಾವ ಊರು, ಯಾರ ಮಗು, ಅವನಿಗೆ ಗೊತ್ತಿರಲಿಲ್ಲ. ಅವನ ಹಿಡಿತ ಸಡಿಲವಾಯಿತು. ಕುಳ್ಳಯ್ಯ ಅಣ್ಣಮ್ಮನನ್ನು ತಾನೇ ಬಸ್ಸು ಹತ್ತಿಸಿದ.

ಜನ ಚದುರಿದ ಮೇಲೂ ಸ್ನೇಹಳ ಸಿಟ್ಟು ಇಳಿದಿರಲಿಲ್ಲ. "ಇದ್ರಿಂದ ಅವ್ನಿಗೇನಪ್ಪಾ ಸಿಗ್ತದೆ?"

"ಊರೋರು ಅವ್ನ ಕಡೆ ತಿರುಗ್ ನೋಡಿದ್ರಲ್ಲವ್ವ. ವರ್ಸದಿಂದ ಯಾರ್ ಮಾತಾಡ್ಸವ್ರೆ?" ಎಂದವನೇ ದೂರದಲ್ಲಿ ನಿಂತಿದ್ದವನನ್ನು ಕರೆದ. "ಬಾರ್ಲಾ ದೇವ್ರಾಜ, ಕೂತ್ಕೊ. ನಿಮ್ಮವ್ವನ ಮಂಡಿ ನೋವು ಎಂಗದೆ?"

ದೇವರಾಜು ತಲೆ ತಗ್ಗಿಸಿಕೊಂಡೇ ಬಂದು ಕೂತ. ಬೀದಿ ದೀಪ ಹತ್ತಿದರೂ ಅವನು ತನ್ನವ್ವನ ಬಗ್ಗೆ ಹೇಳುವುದು ಮುಗಿದಿರಲಿಲ್ಲ.

ಅಣ್ಣಮ್ಮ ಮಾತ್ರ ಮತ್ತೆ ಆ ಊರಿಗೆ ಬರಲಿಲ್ಲ.

"ಅವ್ಳ ಜಾಗ್ದಲ್ಲಿ ನಾನಾಗಿದ್ರೂ ಬತ್ತಿರ್ನಿಲ್ಲ ಬುಡು," ಎಂದಿದ್ದ ಕುಳ್ಳಯ್ಯ ಒಮ್ಮೆ, ಕುರಿಗಳಿಗೆ ನೀರಿಡುತ್ತ.